ಸ್ಪ್ಯಾನಿಷ್ ಕಲಿಯುವವರಿಗೆ ‘ಕೆದಾರ್’ ಕೈಪಿಡಿ

2017ರ ಜುಲೈ 23ರಂದು ಬಾರ್ಸಿಲೋನಾ ಫುಟ್‌ಬಾಲ್ ತಂಡದ ಜೆರಾರ್ಡ್ ಪಿಕೆ ತಮ್ಮ ಸಹ ಆಟಗಾರ ನೇಮರ್ ಜತೆಗಿನ ಫೋಟೊ ಒಂದನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿ ಎರಡೇ ಪದ ಬರೆದರು: ‘ಸೆ ಕೇದ’. ‘ಇವನು ಇಲ್ಲೇ ಇರ್ತಾನೆ’ ಎಂದರ್ಥ. ನೇಮರ್ ತಂಡ ಬಿಡುತ್ತಾರಂತೆ ಎಂಬ ಸುದ್ದಿ ಆಗ ಎಲ್ಲೆಡೆ ಹಬ್ಬಿತ್ತು. ಆ ಎರಡು ಪದ ನೋಡಿ ಅಭಿಮಾನಿಗಳಿಗೆ ಹೋದ ಜೀವ ಬಂದಂತಾಯಿತು. ಎರಡು ವಾರ ತುಂಬುವ ಮೊದಲೇ ನೇಮರ್ 22.2 ಕೋಟಿ ಯೂರೊ ಮೊತ್ತಕ್ಕೆ ಪ್ಯಾರಿಸ್‌ನ ಪಿಎಸ್‌ಜಿ ತಂಡದ ಪಾಲಾದರು. ಪಿಕೆ ಮಾತು ಸುಳ್ಳಾಯಿತು; ವ್ಯಾಕರಣ ಮಾತ್ರ ಪಕ್ಕಾ ಇತ್ತು.

ಆ ‘ಕೇದ’ದ ಮೂಲರೂಪ ‘ಕೆದಾರ್’. (ಕೇದಾರನಾಥನಿಗೂ ಇದಕ್ಕೂ ಏನೂ ಸಂಬಂಧವಿಲ್ಲ.) ಸುಮಾರು 50 ಕೋಟಿ ಜನರ ತಾಯ್ನುಡಿಯಾದ ಸ್ಪ್ಯಾನಿಷ್‌ನಲ್ಲಿ ಈ ಕ್ರಿಯಾಪದ ಬಾಯಿಗೆ ಬರದ ದಿನವೇ ಇಲ್ಲವೆನ್ನಬಹುದು. ಕಲಿಯುವವರಿಗೆ ಮೊದಲ ನೋಟಕ್ಕೆ ಇದು ಬಲು ಸಾಧು. ರೂಪಗಳಲ್ಲಿ ಯಾವ ವಕ್ರತೆಯೂ ಇಲ್ಲ: ನಾನು ‘ಕೇದೊ’, ನೀನು ‘ಕೇದಸ್’, ಅವನು ಅಥವಾ ಅವಳು ‘ಕೇದ’, ನಾವು ‘ಕೆದಾಮೊಸ್’, ಅವರು ‘ಕೇದನ್’. ತೊಡಕೆಲ್ಲ ಇರುವುದು ಅರ್ಥದಲ್ಲಿ. ನೋಟ್‌ಬುಕ್ಕಿನಲ್ಲಿ ‘ಕೆದಾರ್ ಎಂದರೆ ಉಳಿ’ ಎಂದು ಬರೆದುಕೊಂಡು ಪುಟ ತಿರುಗಿಸಿದವರಿಗೆ ಅದೇ ಪದ ಬಟ್ಟೆ ಅಂಗಡಿಯಲ್ಲಿ, ವಾಟ್ಸ್‌ಆ್ಯಪ್ ಮೆಸೇಜಿನಲ್ಲಿ, ಅಡುಗೆಮನೆಯಲ್ಲಿ, ಸರ್ಕಾರಿ ಆದೇಶದಲ್ಲಿ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ.

ಮುಂದೆ ಹೋಗುವ ಮೊದಲು ಬರವಣಿಗೆಯ ಬಗ್ಗೆ ಒಂದು ಮಾತು. ಸ್ಪ್ಯಾನಿಷ್‌ನಲ್ಲಿ ನಮ್ಮ ಹಾಗೆ ಹ್ರಸ್ವ, ದೀರ್ಘ ಎಂಬ ಭೇದವಿಲ್ಲ. ಇರುವುದು ಒತ್ತಿನ ಭೇದ. ಸಾಮಾನ್ಯವಾಗಿ ಒತ್ತು ಬೀಳುವ ಅಕ್ಷರವನ್ನು ಇಲ್ಲಿ ದೀರ್ಘವಾಗಿ ಬರೆದಿದ್ದೇನೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ಕೇದೊ’ ಎಂದರೆ ನಾನು ಉಳಿಯುತ್ತೇನೆ, ‘ಕೆದೋ’ ಎಂದರೆ ಅವನು ಉಳಿದ. ಒತ್ತು ಜಾರಿದರೆ ಆಳೂ ಬದಲು, ಕಾಲವೂ ಬದಲು. ನಡುವಿನ ‘ದ’ ಕನ್ನಡದ ದಕಾರಕ್ಕೆ ಹತ್ತಿರ, ಇನ್ನೂ ಸ್ವಲ್ಪ ಮೆತ್ತಗೆ. ಇಂಗ್ಲಿಷ್ ಶೈಲಿಯಲ್ಲಿ ‘ಕೆಡಾರ್’ ಎನ್ನಬೇಡಿ.

ಈ ಪದದ ಬೇರು ಲ್ಯಾಟಿನ್ನಿನ ‘ಕ್ವಿಯೆತಾರೆ’. ಶಾಂತಗೊಳಿಸು, ಸುಮ್ಮನಾಗಿಸು ಎಂದು ಅದರ ಅರ್ಥ. ಇಂಗ್ಲಿಷಿನ ‘ಕ್ವಾಯಟ್’ ಇದರ ದಾಯಾದಿ. ಅಲುಗಾಡದೆ ಇರುವುದಕ್ಕೆ ಸ್ಪ್ಯಾನಿಷ್‌ನಲ್ಲಿ ಹೇಳುವ ‘ಕಿಯೇತೊ’ ಕೂಡ ಅದೇ ಮನೆಯದು. ಈ ಬೇರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಗದ್ದಲ ಅಡಗಿ, ಓಡಾಟ ನಿಂತು, ಲೆಕ್ಕ ಚುಕ್ತಾ ಆದ ಮೇಲೆ ಕೊನೆಗೆ ಯಾವುದು ಎಲ್ಲಿ, ಹೇಗೆ ನಿಂತಿತು ಎಂದು ಕೆದಾರ್ ಹೇಳುತ್ತದೆ. ನಿಘಂಟು ಕೊಡುವ ಹತ್ತಾರು ಅರ್ಥಗಳ ಹಿಂದೆ ಇರುವುದು ಈ ಒಂದೇ ದೃಷ್ಟಿ. ಅರ್ಥಗಳ ಪಟ್ಟಿ ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ ಎಂದು ನನ್ನ ಅಭಿಪ್ರಾಯ. ಕ್ರಿಯಾಪದದ ಅಕ್ಕಪಕ್ಕ ನಿಂತ ಪುಟ್ಟ ಪದಗಳನ್ನು ನೋಡುವುದು ಕಲಿತರೆ ಸಾಕು.

‘ನನಗೆ’ ಎಂಬ ನಮ್ಮ ಅನುಕೂಲ

ಮೊದಲ ಪುಟ್ಟ ಪದ ‘ಮೆ’. ‘ಮೆ ಕೇದನ್ ದಿಯೆಸ್ ಎಉರೊಸ್’ ಎಂದರೆ ನನಗೆ ಉಳಿದಿರುವುದು ಹತ್ತು ಯೂರೊ. ಇಲ್ಲಿ ಉಳಿಯುವ ಕೆಲಸ ಮಾಡುತ್ತಿರುವುದು ಹಣ, ನಾನಲ್ಲ. ಆದ್ದರಿಂದ ಕ್ರಿಯಾಪದ ಹಣವನ್ನು ನೋಡಿಕೊಂಡು ಬಹುವಚನಕ್ಕೆ ಹೋಯಿತು. ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯುವವರು ಇಲ್ಲಿ ಎಡವುತ್ತಾರೆ. ಅವರ ಭಾಷೆಯಲ್ಲಿ ಇಂಥ ಮಾತು ‘ನಾನು’ ಎಂದೇ ಶುರುವಾಗಬೇಕು. ಕನ್ನಡಿಗರಿಗೆ ಆ ಕಷ್ಟವಿಲ್ಲ. ನನಗೆ ಹಸಿವಾಗಿದೆ, ನನಗೆ ಎರಡು ಪೇಪರ್ ಬಾಕಿ ಇವೆ, ನನಗೆ ಮಂಡ್ಯ ದೂರ ಆಗುತ್ತೆ ಎಂದು ದಿನವಿಡೀ ಚತುರ್ಥಿ ವಿಭಕ್ತಿಯಲ್ಲೇ ಬದುಕುವವರು ನಾವು. ಮೆ, ತೆ, ಲೆ, ನೊಸ್, ಲೆಸ್ ಎಂಬ ಐದು ಪದಗಳನ್ನು ನನಗೆ, ನಿನಗೆ, ಅವನಿಗೆ ಅಥವಾ ತಮಗೆ, ನಮಗೆ, ಅವರಿಗೆ ಎಂದು ನೇರವಾಗಿ ಕನ್ನಡಕ್ಕೇ ಜೋಡಿಸಿಕೊಳ್ಳಿ. ನಡುವೆ ಇಂಗ್ಲಿಷನ್ನು ದಲ್ಲಾಳಿಯಾಗಿ ಕರೆತಂದರೆ ಕಮಿಷನ್ ಕೊಡುವುದು ನೀವೇ.

ಈ ಅನುಕೂಲ ಚೆನ್ನಾಗಿ ಕಾಣುವುದು ಬಟ್ಟೆ ಅಂಗಡಿಯಲ್ಲಿ. ಟ್ರಯಲ್ ರೂಮಿನ ಪರದೆಯಾಚೆಯಿಂದ ಅಂಗಡಿಯಾಕೆ ‘ಕೆ ತಾಲ್ ಲೆ ಕೇದ?’ ಎನ್ನುತ್ತಾಳೆ. ತಮಗೆ ಹೇಗೆ ಕೂತಿದೆ ಎಂದು ಆಕೆಯ ಪ್ರಶ್ನೆ. ಅಂಗಿ ದೊಗಳೆಯಾಗಿದ್ದರೆ ‘ಮೆ ಕೇದ ಗ್ರಾಂದೆ’, ನನಗೆ ದೊಡ್ಡದಾಗುತ್ತೆ. ಶೂ ಕಚ್ಚುತ್ತಿದ್ದರೆ ‘ಮೆ ಕೇದನ್ ಪೆಕೇನ್ಯೊಸ್’, ನನಗೆ ಚಿಕ್ಕದಾಗುತ್ತವೆ. ಶೂ ಎರಡಿರುವುದರಿಂದ ‘ಕೇದನ್’. ಚಿಕ್ಕಪೇಟೆಯ ಅಂಗಡಿಯಲ್ಲಿ ನಾವು ಆಡುವುದೂ ಇದೇ ವಾಕ್ಯ, ವಿಭಕ್ತಿ ಸಮೇತ. ಜತೆಗೆ ಬಂದ ಗೆಳತಿ ‘ತೆ ಕೇದ ಬಿಯೆನ್’ ಎಂದರೆ ಬಟ್ಟೆ ನಿಮಗೆ ಒಪ್ಪುತ್ತದೆ ಎಂದು. ಕೊಳ್ಳುವುದು ಖಾತ್ರಿಯಾದರೆ ಕೌಂಟರಿನಲ್ಲಿ ‘ಮೆ ಲೊ ಕೇದೊ’ ಎನ್ನಿ. ‘ಇದೇ ಇರಲಿ’ ಎನ್ನುತ್ತೇವಲ್ಲ, ಅದೇ ಧಾಟಿ. ನಾನು ಇದನ್ನು ಖರೀದಿಸಲು ಬಯಸುತ್ತೇನೆ ಎಂಬ ಪಠ್ಯಪುಸ್ತಕದ ವಾಕ್ಯಕ್ಕಿಂತ ಇದು ಸಾವಿರ ಪಾಲು ಸಹಜ. ಒಂದು ಎಚ್ಚರ: ಇಲ್ಲಿನ ‘ಮೆ’ಗೆ ‘ನನಗೆ’ ಎಂಬ ಅರ್ಥವಿಲ್ಲ, ಇಟ್ಟುಕೊಳ್ಳುವುದು ಎನ್ನುತ್ತೇವಲ್ಲ, ಆ ‘ಕೊಳ್ಳು’ವಿನ ಕೆಲಸ ಅದರದು. ಟ್ಯಾಕ್ಸಿಯವರಿಗೆ ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎನ್ನಲು ‘ಕೇದೆಸೆ ಕೊನ್ ಎಲ್ ಕಾಂಬಿಯೊ’.

ಅಂಗಿ ದೊಡ್ಡದಾದ ಹಾಗೆ ಹುದ್ದೆಯೂ ದೊಡ್ಡದಾಗಬಹುದು. ‘ಲೆ ಕೇದ ಗ್ರಾಂದೆ ಎಲ್ ಕಾರ್ಗೊ’ ಎಂದರೆ ಆ ಕುರ್ಚಿಗೆ ಬೇಕಾದ ಯೋಗ್ಯತೆ ಇವನಿಗಿಲ್ಲ. ಸ್ಪೇನಿನ ರಾಜಕೀಯ ಅಂಕಣಗಳನ್ನು ಓದಲು ಶುರು ಮಾಡಿದರೆ ಈ ಮಾತು ಬೇಗ ಕಣ್ಣಿಗೆ ಬೀಳುತ್ತದೆ.

ಅಡುಗೆಯ ಕೆದಾರ್ ಕೂಡ ಇದೇ ಕುಟುಂಬದ್ದು. ಮೆಕ್ಸಿಕೊದಲ್ಲಿ ಯಾರದೋ ಮನೆಯಲ್ಲಿ ಊಟಕ್ಕೆ ಕೂತು ‘ತೆ ಕೆದೋ ರಿಕೀಸಿಮೊ’ ಎಂದರೆ ಅಡುಗೆ ಮಾಡಿದವರ ಮುಖ ಅರಳುತ್ತದೆ. ನಾವು ‘ಸಾರು ಚೆನ್ನಾಗಿ ಬಂದಿದೆ’ ಎನ್ನುವ ಸಂದರ್ಭ. ನಮ್ಮಲ್ಲಿ ಸಾರು ಬರುತ್ತದೆ, ಅವರಲ್ಲಿ ನಿಲ್ಲುತ್ತದೆ. ಹೊಸದಾಗಿ ಬಣ್ಣ ಹೊಡೆದ ಗೋಡೆ, ಹೊಲಿದ ಕುಪ್ಪಸ, ಕತ್ತರಿಸಿದ ಕೂದಲು, ಏನೇ ಇರಲಿ, ಕೈಕೆಲಸ ಮುಗಿದು ಕೊನೆಗೆ ಹೇಗಾಯಿತು ಎನ್ನಲು ಇದೇ ಕ್ರಿಯಾಪದ.

ಕರಡಿ ಹತ್ತಿರ, ಒಂಬತ್ತಕ್ಕೆ

ಮ್ಯಾಡ್ರಿಡ್‌ನ ಪುಯೆರ್ತ ದೆಲ್ ಸೋಲ್ ಚೌಕದಲ್ಲಿ ಮರಕ್ಕೆ ಮುಂಗಾಲು ಊರಿ ನಿಂತ ಕರಡಿಯ ಪ್ರತಿಮೆಯಿದೆ. ಶಿಲ್ಪಿ ಅಂತೋನಿಯೊ ನವಾರೊ ಸಾಂತಾಫೆ ಮಾಡಿದ್ದು, 1967ರಿಂದ ಅಲ್ಲಿದೆ. ಕರಡಿ ಮತ್ತು ಮರ ಆ ನಗರದ ಲಾಂಛನ. ಊರಿನವರಿಗೆ ಅದು ಮುಖ್ಯವಾಗಿ ಒಬ್ಬರಿಗೊಬ್ಬರು ಕಾಯುವ ಜಾಗ. ಫೋನಿನಲ್ಲಿ ನಡೆಯುವ ಮಾತು ಹೀಗಿರುತ್ತದೆ:

‘ಕೆದಾಮೊಸ್ ಎಲ್ ಬಿಯೇರ್ನೆಸ್?’ (ಶುಕ್ರವಾರ ಸಿಗೋಣವಾ?)

‘ಬಾಲೆ. ಆ ಕೆ ಓರ?’ (ಆಯ್ತು. ಎಷ್ಟು ಗಂಟೆಗೆ?)

‘ಆ ಲಸ್ ನುಯೇಬೆ, ಎನ್ ಎಲ್ ಓಸೊ.’ (ಒಂಬತ್ತಕ್ಕೆ, ಕರಡಿ ಹತ್ತಿರ.)

ಇಲ್ಲಿ ಕೆದಾರ್ ಎಂದರೆ ಭೇಟಿಯ ಗೊತ್ತುಪಾಡು ಮಾಡಿಕೊಳ್ಳುವುದು. ದಿನ, ಗಂಟೆ, ಜಾಗ ಎಲ್ಲ ಅತ್ತಿತ್ತ ಓಲಾಡಿ ಕೊನೆಗೆ ಒಂದು ಕಡೆ ನಿಂತಿತು ಎಂಬ ಮೂಲಾರ್ಥ ಇಲ್ಲೂ ಅಡಗಿದೆ. ಯಾರ ಜತೆ ಎನ್ನಲು ‘ಕೊನ್’, ಯಾವುದಕ್ಕೆ ಎನ್ನಲು ‘ಪಾರ’: ‘ಎ ಕೆದಾದೊ ಕೊನ್ ಮಿ ಎರ್ಮಾನ ಪಾರ ಸೆನಾರ್’, ಅಕ್ಕನ ಜತೆ ರಾತ್ರಿ ಊಟಕ್ಕೆ ಸಿಗುವುದೆಂದು ಮಾತಾಗಿದೆ. (ಅಕ್ಕನಾದರೂ ತಂಗಿಯಾದರೂ ಅವರಿಗೆ ‘ಎರ್ಮಾನ’ ಒಂದೇ.) ಬರಿಯ ‘ಎ ಕೆದಾದೊ’ ಎಂಬುದೇ ಒಂದು ಪೂರ್ತಿ ವಾಕ್ಯ. ಆಫೀಸು ಮುಗಿದ ಮೇಲೆ ಯಾರಾದರೂ ಕರೆದರೆ ಇಷ್ಟು ಹೇಳಿ ಜಾರಿಕೊಳ್ಳಬಹುದು. ‘ಬೇರೆ ಕಡೆ ಒಪ್ಪಿಕೊಂಡಿದ್ದೇನೆ’ ಎಂಬ ಗೌರವದ ನಿರಾಕರಣೆ ಅದು.

‘ಎನ್’ ಸೇರಿದರೆ ಭೇಟಿ ಹೋಗಿ ಒಪ್ಪಂದವಾಗುತ್ತದೆ. ‘ಕೆದಾಮೊಸ್ ಎನ್ ಯಮಾರ್ನೊಸ್’ ಎಂದರೆ ಫೋನ್ ಮಾಡಿಕೊಳ್ಳೋಣ ಎಂದು ಮಾತಾಯಿತು. ‘ಕೆದಾಮೊಸ್’ ವರ್ತಮಾನಕ್ಕೂ ಭೂತಕ್ಕೂ ಒಂದೇ ರೂಪ. ಸಂದರ್ಭ ನೋಡಿ ತಿಳಿಯಬೇಕು. ಒಬ್ಬ ಮನುಷ್ಯ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುತ್ತಿದ್ದರೆ ಸ್ಪೇನಿನವರು ತಾಳ್ಮೆಗೆಟ್ಟು ‘ಎನ್ ಕೆ ಕೆದಾಮೊಸ್?’ ಎನ್ನುತ್ತಾರೆ. ಕೊನೆಗೆ ಏನಂತ ತೀರ್ಮಾನ, ಒಂದು ಹೇಳಪ್ಪ ಎಂಬ ಧ್ವನಿ. ಮೆಕ್ಸಿಕೊ, ಕೊಲಂಬಿಯಾ, ಚಿಲಿಯಲ್ಲಿ ‘ಎನ್’ ಬದಲಿಗೆ ‘ದೆ’ ಕೇಳಿಸುವುದುಂಟು: ‘ಕೆದೋ ದೆ ಬೆನೀರ್’, ಬರ್ತೀನಿ ಅಂದಿದ್ದ. ಬಂದನೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ಹೇಳುವವರ ಮುಖ ನೋಡಿದರೆ ಗೊತ್ತಾಗುತ್ತದೆ.

ದಾರಿ ಕೇಳುವಾಗಲೂ ಇದೇ ಪದ ಒದಗುತ್ತದೆ. ‘ದೋಂದೆ ಕೇದ ಲ ಎಸ್ತಸಿಯೋನ್?’ ಎಂದರೆ ಸ್ಟೇಷನ್ ಎಲ್ಲಿದೆ. ಲ್ಯಾಟಿನ್ ಅಮೆರಿಕದಲ್ಲಿ ಇದು ತೀರಾ ಸಾಮಾನ್ಯ. ಕಟ್ಟಡ, ಊರು, ಬೀದಿಯಂಥ ಕದಲದ ವಸ್ತುಗಳಿಗೆ ಮಾತ್ರ ಬಳಸಿ. ಮನುಷ್ಯರನ್ನೋ ಕಾರನ್ನೋ ಹುಡುಕುತ್ತಿದ್ದರೆ ‘ಎಸ್ತಾರ್’ ಎಂಬ ಇನ್ನೊಂದು ಕ್ರಿಯಾಪದ ಬೇಕು.

‘ಸೆ’ ಬಂದರೆ

ಕೆದಾರ್‌ಗೆ ‘ಸೆ’ ಅಂಟಿದರೆ ‘ಕೆದಾರ್ಸೆ’. ಕಲಿಯುವವರನ್ನು ಹೆಚ್ಚು ಕಾಡುವುದು ಇದು. ಎರಡರ ನಡುವಿನ ಗೆರೆ ಎಲ್ಲ ಕಡೆ ಒಂದೇ ಥರ ಇಲ್ಲ, ದೇಶದಿಂದ ದೇಶಕ್ಕೆ ಸರಿದಾಡುತ್ತದೆ. ಕೆಲಸಕ್ಕೆ ಬರುವ ಒಂದು ಸೂತ್ರ ಹೇಳುತ್ತೇನೆ: ವಸ್ತು, ಸಮಯ, ಹಣ ಬಾಕಿ ಉಳಿದರೆ ‘ಸೆ’ ಬೇಡ; ಮನುಷ್ಯ ಒಂದು ಕಡೆ ಅಥವಾ ಒಂದು ಸ್ಥಿತಿಯಲ್ಲಿ ಉಳಿದರೆ ‘ಸೆ’ ಬೇಕು. ‘ಕೇದನ್ ದೋಸ್ ಓರಸ್’, ಇನ್ನು ಎರಡು ಗಂಟೆ ಇದೆ. ‘ಮೆ ಕೇದೊ ಎನ್ ಕಾಸ’, ನಾನು ಮನೆಯಲ್ಲೇ ಇರ್ತೀನಿ. (‘ನಾನು’ ಆದಾಗ ಈ ‘ಸೆ’ಯೇ ‘ಮೆ’ ಆಗುತ್ತದೆ, ‘ನೀನು’ ಆದಾಗ ‘ತೆ’.)

2020ರ ಮಾರ್ಚ್ ನಂತರ, ಕೋವಿಡ್ ಕಾಲದಲ್ಲಿ, ಸ್ಪ್ಯಾನಿಷ್ ಜಗತ್ತಿನ ಗೋಡೆಗೋಡೆಯ ಮೇಲೆ ಇದೇ ಪದವಿತ್ತು: ‘ಕೇದತೆ ಎನ್ ಕಾಸ’, ಮನೆಯಲ್ಲೇ ಇರು. ಹಿರಿಯರಿಗೆ, ಅಪರಿಚಿತರಿಗೆ ಬಹುವಚನ ಕೊಟ್ಟು ‘ಕೇದೆಸೆ’. ಅರ್ಜೆಂಟೀನಾದಲ್ಲಿ ಮಾತ್ರ ಅದೇ ಮಾತು ‘ಕೆದಾತೆ’. ಅಲ್ಲಿ ‘ನೀನು’ ಎನ್ನಲು ಬೇರೆಯೇ ಸರ್ವನಾಮವಿದೆ, ಒತ್ತು ಒಂದು ಅಕ್ಷರ ಮುಂದೆ ಸರಿಯುತ್ತದೆ. ಬ್ಯೂನಸ್ ಐರಿಸ್‌ನ ಪೋಸ್ಟರಿನಲ್ಲಿ ಒತ್ತಿನ ಗುರುತು ಇಲ್ಲದ್ದು ನೋಡಿ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ.

ಸ್ಥಿತಿ ಬದಲಾಗುವುದನ್ನು ಹೇಳುವ ಕೆದಾರ್ಸೆ ಇನ್ನಷ್ಟು ಸ್ವಾರಸ್ಯಕರ. ಕನ್ನಡದ ‘ಆಗು’ ಒಂದೇ ಮಾಡುವ ಕೆಲಸಕ್ಕೆ ಸ್ಪ್ಯಾನಿಷ್‌ನಲ್ಲಿ ಹಲವು ಕ್ರಿಯಾಪದಗಳಿವೆ. ನಾಚಿ ಕೆಂಪಾಗುವುದು, ಸಿಟ್ಟಾಗುವುದು ಕ್ಷಣದ ಮಾತು, ಅದಕ್ಕೆ ‘ಪೊನೇರ್ಸೆ’. ಓದಿ ಡಾಕ್ಟರಾಗುವುದು, ದುಡಿದು ಶ್ರೀಮಂತನಾಗುವುದಕ್ಕೆ ‘ಅಸೇರ್ಸೆ’. ಹುಚ್ಚನಾಗುವುದು, ಸ್ವಭಾವವೇ ಮಗುಚಿಕೊಳ್ಳುವುದಕ್ಕೆ ‘ಬೊಲ್ಬೇರ್ಸೆ’. ಕೆದಾರ್ಸೆಯ ಪಾಲಿಗೆ ಬಂದಿರುವುದು ಹೆಚ್ಚಾಗಿ ನಷ್ಟ ಮತ್ತು ಸ್ತಬ್ಧತೆ. ಕುರುಡನಾದ, ಕಿವುಡನಾದ, ಬೋಳಾದ, ವಿಧವೆಯಾದಳು, ಒಂಟಿಯಾದಳು, ಮೌನವಾದ, ಎಲ್ಲಕ್ಕೂ ‘ಸೆ ಕೆದೋ’. ಏನೋ ನಡೆಯಿತು, ಅದರ ನಂತರ ಉಳಿದದ್ದು ಇದು ಎಂಬ ಭಾವ. ಗರ್ಭಿಣಿಯಾಗುವುದನ್ನೂ ಸ್ಪೇನಿನಲ್ಲಿ ‘ಕೆದಾರ್ಸೆ ಎಂಬರಸಾದ’ ಎನ್ನುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ‘ಸೆ’ ಬಿಟ್ಟು ಹೇಳುವುದು ಹೆಚ್ಚು. ಈ ‘ಎಂಬರಸಾದ’ ಕೇಳಿ ಇಂಗ್ಲಿಷಿನ ‘ಎಂಬರಾಸ್’ ನೆನಪಿಗೆ ಬಂದು, ಮುಜುಗರವಾಯಿತು ಎನ್ನಲು ಹೋಗಿ ಬಸಿರಾದೆ ಎಂದು ಹೇಳಿದವರ ಕಥೆ ಪ್ರತಿ ಸ್ಪ್ಯಾನಿಷ್ ತರಗತಿಯಲ್ಲೂ ಸಿಗುತ್ತದೆ.

ಮುಂದಿನ ಎರಡು ವಾಕ್ಯ ಕನ್ನಡಿಗರಿಗೆ ಹೇಳಿ ಮಾಡಿಸಿದಂತಿವೆ. ಆಫೀಸಿಗೆ ತಡವಾಗಿ ಬಂದವನು ‘ಮೆ ಕೆದೇ ದೊರ್ಮೀದೊ’ ಎನ್ನುತ್ತಾನೆ, ಹೆಂಗಸಾದರೆ ‘ದೊರ್ಮೀದ’. ನಾವಾದರೆ ‘ನಿದ್ದೆ ಬಂದುಬಿಡ್ತು’ ಎನ್ನುತ್ತೇವೆ. ಮನೆಯ ಬಾಗಿಲ ಮುಂದೆ ಜೇಬು ತಡಕುತ್ತ ನಿಂತವನು ‘ಸೆ ಮೆ ಕೆದಾರೊನ್ ಲಸ್ ಯಾಬೆಸ್ ಎನ್ ಲ ಒಫಿಸೀನ’ ಎನ್ನುತ್ತಾನೆ: ಬೀಗದ ಕೈ ಆಫೀಸಲ್ಲೇ ಉಳಿದುಬಿಟ್ಟಿವೆ. ಕರ್ತೃ ಬೀಗದ ಕೈ, ತಪ್ಪೆಲ್ಲ ಅದರದ್ದೇ. ಮರೆತವನು ‘ಮೆ’ ಎಂಬ ಚತುರ್ಥಿಯ ಮರೆಯಲ್ಲಿ ನೆಮ್ಮದಿಯಾಗಿದ್ದಾನೆ. ಮರೆವಿನ ಹೊಣೆಯನ್ನು ವಸ್ತುವಿನ ತಲೆಗೆ ಕಟ್ಟುವ ಕಲೆಯಲ್ಲಿ ಎರಡೂ ಭಾಷೆ ಸರಿಸಮ. ಸ್ಪೇನಿನ ಪಶ್ಚಿಮ ಭಾಗದ ಆಡುಮಾತಿನಲ್ಲಿ ‘ಕೆದೇ ಲಸ್ ಯಾಬೆಸ್’ ಎಂದು ನೇರವಾಗಿ ಹೇಳುವವರಿದ್ದಾರೆ. ಶಿಷ್ಟ ಭಾಷೆ ಅದನ್ನು ಒಪ್ಪುವುದಿಲ್ಲ. ಕಿವಿಗೆ ಬಿದ್ದರೆ ಅರ್ಥಮಾಡಿಕೊಳ್ಳಿ, ಪರೀಕ್ಷೆಯಲ್ಲಿ ಬರೆಯಬೇಡಿ.

ಇನ್ನು ‘ಸಿನ್’ ಮತ್ತು ‘ಕೊನ್’. ಇಲ್ಲದೆ ಎಂಬ ಅರ್ಥದ ‘ಸಿನ್’ ಸೇರಿದರೆ ಮುಗಿದುಹೋಯಿತು ಎಂದು: ‘ಮೆ ಕೆದೇ ಸಿನ್ ಬತೆರೀಯ’, ಫೋನಿನ ಬ್ಯಾಟರಿ ಖಾಲಿ. ‘ಕೊನ್’ ಸೇರಿದರೆ ಇಟ್ಟುಕೊಳ್ಳುವುದು. ಆದರೆ ಸ್ಪೇನಿನಲ್ಲಿ ಮನುಷ್ಯರ ಜತೆ ಬಂದಾಗ ಅರ್ಥ ತಿರುವು ತೆಗೆದುಕೊಳ್ಳುತ್ತದೆ. ‘ತೆ ಎಸ್ತಾಸ್ ಕೆದಾಂದೊ ಕೊನ್ಮೀಗೊ?’ ಎಂದರೆ ‘ನನ್ನನ್ನೇ ಆಟ ಆಡಿಸ್ತಿದ್ದೀಯಾ?’

ನುಡಿಗಟ್ಟುಗಳಿಗೆ ಲೆಕ್ಕವಿಲ್ಲ. ಪರೀಕ್ಷೆಯಲ್ಲಿ ಓದಿದ್ದೆಲ್ಲ ಮರೆತು ತಲೆ ಖಾಲಿಯಾದರೆ ‘ಕೆದಾರ್ಸೆ ಎನ್ ಬ್ಲಾಂಕೊ’, ಬಿಳಿಯಾಗಿ ನಿಲ್ಲುವುದು. ಸುದ್ದಿ ಕೇಳಿ ದಂಗಾದರೆ ‘ಕೆದಾರ್ಸೆ ದೆ ಪಿಯೇದ್ರ’, ಕಲ್ಲಾಗುವುದು. ಹಳೆಯ ಕಾಲದ ಕಟು ಮಾತೊಂದಿದೆ: ಮದುವೆಯಾಗದೆ ಉಳಿದ ಹೆಣ್ಣನ್ನು ‘ಸಂತರಿಗೆ ಬಟ್ಟೆ ಉಡಿಸಲು ಉಳಿದಳು’ ಎನ್ನುತ್ತಿದ್ದರು, ‘ಕೆದಾರ್ಸೆ ಪಾರ ಬೆಸ್ತೀರ್ ಸಾಂತೊಸ್’. ಚರ್ಚಿನ ವಿಗ್ರಹಗಳಿಗೆ ವಸ್ತ್ರಾಲಂಕಾರ ಮಾಡುವ ಕೆಲಸ ಅವಿವಾಹಿತೆಯರ ಪಾಲಿಗೆ ಬರುತ್ತಿದ್ದ ಕಾಲದ ಮಾತು. ಹಳೆಯ ಕಾದಂಬರಿ ಓದುವಾಗ ಗೊತ್ತಿರಲಿ. ಬಾಯಲ್ಲಿ ಆಡುವುದು ಬೇಡ.

ಮರ್ಯಾದೆ, ಮೈದಾನ, ಸರ್ಕಾರ

‘ಕೆದಾರ್ ಬಿಯೆನ್’, ‘ಕೆದಾರ್ ಮಾಲ್’ ಎಂಬ ಜೋಡಿ ನಾಲ್ಕು ಜನರ ಕಣ್ಣಿಗೆ ಹೇಗೆ ಕಂಡೆವು ಎಂಬುದಕ್ಕೆ ಸಂಬಂಧಿಸಿದ್ದು. ಮದುವೆಗೆ ಬರಿಗೈಯಲ್ಲಿ ಹೋದರೆ ‘ಕೇದಸ್ ಮಾಲ್’, ನೋಡಿದವರು ಏನಂದುಕೊಳ್ಳುತ್ತಾರೆ! ಮರ್ಯಾದೆ ಉಳಿಯಿತು, ಹೋಯಿತು ಎಂಬ ಲೆಕ್ಕಾಚಾರ ನಮಗೆ ಹೊಸದಲ್ಲವಾದ್ದರಿಂದ ಇದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

ಪಂದ್ಯದ ಫಲಿತಾಂಶಕ್ಕೂ ಇದೇ. 2022ರ ಡಿಸೆಂಬರ್ 18ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ಹೆಚ್ಚುವರಿ ಸಮಯದ ನಂತರವೂ 3–3 ಆಗಿತ್ತು: ‘ಕೆದಾರೊನ್ ತ್ರೆಸ್ ಆ ತ್ರೆಸ್’. ಪೆನಾಲ್ಟಿ ಶೂಟೌಟ್‌ನಲ್ಲಿ 4–2ರಿಂದ ಗೆದ್ದು ಅರ್ಜೆಂಟೀನಾ ‘ಕೆದೋ ಕಂಪೆಯೋನ’, ಚಾಂಪಿಯನ್ ಆಯಿತು.

ಕಾನೂನಿನ ಭಾಷೆಯಲ್ಲಿ ಕೆದಾರ್ ಗತ್ತು ತಾಳುತ್ತದೆ. 1978ರ ಸ್ಪೇನ್ ಸಂವಿಧಾನದ 15ನೇ ವಿಧಿ ಯುದ್ಧಕಾಲದ ಮಿಲಿಟರಿ ಕಾನೂನಿಗೆ ಒಂದು ವಿನಾಯಿತಿ ಇಟ್ಟು, ಮರಣದಂಡನೆಯನ್ನು ರದ್ದುಗೊಳಿಸಿದ್ದು ‘ಕೇದ ಅಬೊಲೀದ’ ಎಂಬ ಪದಗಳಿಂದ. ಇನ್ನು ಮುಂದೆ ಇದು ಹೀಗೆಯೇ ನಿಂತಿತು ಎಂಬ ಆಜ್ಞೆಯ ಧ್ವನಿ ಅದರಲ್ಲಿದೆ. ಗೋಡೆಯ ಮೇಲಿನ ಫಲಕದಲ್ಲಿ ‘ಕೇದ ಪ್ರೊಇಬೀದೊ’ ಕಂಡರೆ ಮುಂದಿನ ಪದ ಓದುವ ಮೊದಲೇ ನಿಲ್ಲಿ. ಏನೋ ಒಂದನ್ನು ನಿಷೇಧಿಸಿದ್ದಾರೆ. ಕರ್ಫ್ಯೂಗೆ ಸ್ಪ್ಯಾನಿಷ್ ಪದ ‘ತೋಕೆ ದೆ ಕೇದ’. ರಾತ್ರಿ ಎಲ್ಲರೂ ಮನೆ ಸೇರಬೇಕೆಂದು ಊರಿನ ಗಂಟೆ ಬಾರಿಸುತ್ತಿದ್ದ ಹೊತ್ತೇ ‘ಕೇದ’. 2020ರ ಅಕ್ಟೋಬರ್ 25ರಂದು ಸ್ಪೇನಿನಲ್ಲಿ ರಾತ್ರಿ ಕರ್ಫ್ಯೂ ಘೋಷಿಸಿದ ಪ್ರಧಾನಿ ಪೆದ್ರೊ ಸಾಂಚೆಸ್, ಅದನ್ನು ‘ರಾತ್ರಿ ಸಂಚಾರ ನಿರ್ಬಂಧ’ ಎಂದು ಕರೆಯುವುದೇ ಸರಿ ಎಂದಿದ್ದರು. ಜನ ಮಾತ್ರ ‘ತೋಕೆ ದೆ ಕೇದ’ ಎಂದೇ ಕರೆದರು.

ಕಚೇರಿ ಪತ್ರವ್ಯವಹಾರ ಮಾಡುವವರು ಒಂದು ಸಾಲು ಕಲಿತಿಟ್ಟುಕೊಳ್ಳಿ. ಇಮೇಲ್ ಕೊನೆಯಲ್ಲಿ ‘ಕೇದೊ ಆ ಲ ಎಸ್ಪೇರ ದೆ ಸು ರೆಸ್ಪುಯೇಸ್ತ’ ಎಂದು ಬರೆದರೆ ‘ತಮ್ಮ ಉತ್ತರದ ನಿರೀಕ್ಷೆಯಲ್ಲಿ’ ಎಂದಂತೆ. ಬೆಂಗಳೂರಿನಲ್ಲಿ ಕೂತು ಸ್ಪ್ಯಾನಿಷ್ ಗ್ರಾಹಕರ ಜತೆ ವ್ಯವಹರಿಸುವ ಕಂಪನಿಗಳವರಿಗೆ ಇದು ದಿನಬಳಕೆಯ ಸರಕು.

ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಮೊದಲು ‘ಮೆ ಕೇದ’, ‘ಮೆ ಕೇದನ್’ ಎಂಬ ಚತುರ್ಥಿಯ ವಾಕ್ಯಗಳನ್ನು ನಾಲಿಗೆಗೆ ಒಗ್ಗಿಸಿಕೊಳ್ಳಿ. ಹಣ, ಸಮಯ, ಬಟ್ಟೆ, ದೂರ ನಾಲ್ಕಕ್ಕೂ ಸಾಕಾಗುತ್ತದೆ. ಆಮೇಲೆ ‘ಮೆ ಕೇದೊ’. ನುಡಿಗಟ್ಟುಗಳು ಸಿನಿಮಾ, ಸೀರಿಯಲ್ ನೋಡುತ್ತ ತಾವಾಗಿ ಬರುತ್ತವೆ. 1713ರಲ್ಲಿ ಸ್ಥಾಪನೆಯಾದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕೆದಾರ್ ಪುಟ ತೆರೆದರೆ ಅರ್ಥ ಬಿಟ್ಟು ಉದಾಹರಣೆಗಳನ್ನು ಮಾತ್ರ ಓದಿ.

ಪ್ರಯಾಣ ಹೊರಟವರು ಇದೊಂದನ್ನು ಮರೆಯಬೇಡಿ: ‘ಕೆದಾಮೊಸ್?’ ಎಂಬ ಒಂದೇ ಪದದ ಆಹ್ವಾನ ಸ್ಪೇನಿನಲ್ಲಷ್ಟೇ ಸಲೀಸಾಗಿ ನಡೆಯುತ್ತದೆ. ಮೆಕ್ಸಿಕೊ, ಪೆರು, ಅರ್ಜೆಂಟೀನಾ ಕಡೆ ಹೋದರೆ ‘ನೊಸ್ ಬೇಮೊಸ್?’ ಎಂದು ಕೇಳಿ.